ಘಟ್ಟ ಇಳಿಯುವ ಬಾಟಲಿಗಳು

ಕಾರವಾರದಿಂದ ಚಿಕ್ಕಮ್ಮನ ಫೋನು ಬಂದಿದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. "ನಿನ್ನ ಪಾರ್ಸೆಲ್ ಬಂತು ಮಾರಾಯ್ತಿ. ಅದು ಗೇಟಿನ ಹತ್ತಿರ ಇರುವಾಗಲೇ ಒಳಗೆ ಜೀರಿಗೆ ಮಿಡಿಯ ಪರಿಮಳ ಬಂತು" ಅಂದರು. ಪರಿಮಳ ಅಂದರೂ ದನಿಯಲ್ಲಿ ಬೇಸರ ಇತ್ತು. ಆರು ಬಾಟಲಿ ಉಪ್ಪಿನಕಾಯಿ ಕಳಿಸಿದ್ದೆ. ಮೂರು ಒಡೆದಿದ್ದವು. ಬಾಕ್ಸಿನ ತಳ ಕೆಂಪಾಗಿ ನೆನೆದು, ಎತ್ತಿದರೆ ಕಳಚಿ ಬೀಳುವ ಹಾಗಾಗಿತ್ತಂತೆ.

ಚಿಕ್ಕಮ್ಮ ಅಂದರೆ ನಮ್ಮ ಅತ್ತೆಯ ತಂಗಿ. ಮನೆಯಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮನೇ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಜೋನಿ ಬೆಲ್ಲ, ಮುರುಗಲು ಸಿರಪ್ಪು ಮಾಡಿ ಗಾಜಿನ ಬಾಟಲಿಯಲ್ಲಿ ತುಂಬಿ ಬೇರೆ ಊರುಗಳಿಗೆ ಕಳಿಸುತ್ತೇವೆ. ತಿಂಗಳಿಗೆ ಕೆಲವು ಡಜನ್ ಅಷ್ಟೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸಿದರೆ ಈ ತಲೆನೋವೇ ಇಲ್ಲ ಅಂತ ತುಂಬಾ ಜನ ಹೇಳಿದ್ದಾರೆ. ಅತ್ತೆ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಉಪ್ಪು, ಹುಳಿ, ಖಾರ ಮೂರೂ ವರ್ಷಗಟ್ಟಲೆ ಒಂದೇ ಪಾತ್ರೆಯಲ್ಲಿ ಕೂರಬೇಕು. ಗಾಜು ಅದಕ್ಕೆ ಜಗ್ಗುವುದಿಲ್ಲ, ವಾಸನೆ ಹೀರುವುದಿಲ್ಲ, ತನ್ನ ವಾಸನೆ ಕೊಡುವುದೂ ಇಲ್ಲ.

ಆ ಮೂರು ಬಾಟಲಿಗಳು ನನಗೆ ಬಹಳ ನೋವು ಕೊಟ್ಟವು. ಅಪ್ಪೆಮಿಡಿ ವರ್ಷಕ್ಕೆ ಒಂದೇ ಸಲ ಬರುತ್ತದೆ. ಹೊಳೆ ದಂಡೆಯ ಎತ್ತರದ ಮರ ಹತ್ತಿ ಕೊಯ್ಯಬೇಕು. ತೊಟ್ಟು ಮುರಿಯಬಾರದು. ನೆಲಕ್ಕೆ ಬೀಳಿಸಲೇಬಾರದು. ಕೊಯ್ಯುವವರು ಬುಟ್ಟಿಗೆ ಹಗ್ಗ ಕಟ್ಟಿ ಮೇಲಿಂದ ಮೆಲ್ಲಗೆ ಇಳಿಸುತ್ತಾರೆ. ಪೆಟ್ಟಾದ ಒಂದು ಮಿಡಿ ಭರಣಿಗೆ ಸೇರಿದರೆ ಇಡೀ ಭರಣಿಯೇ ಕೆಡಬಹುದು. ಅಷ್ಟು ಜೋಪಾನವಾಗಿ ಮರದಿಂದ ಇಳಿದು, ತಿಂಗಳುಗಟ್ಟಲೆ ಉಪ್ಪಿನಲ್ಲಿ ಕೂತು, ಮಸಾಲೆ ಸೇರಿಸಿಕೊಂಡ ಮಿಡಿ ದೇವಿಮನೆ ಘಟ್ಟ ಇಳಿಯುವಾಗ ರಟ್ಟಿನ ಪೆಟ್ಟಿಗೆಯೊಳಗೆ ಹಾಳಾಯಿತು. ಮರದಿಂದ ಇಳಿಸಿದವರು ತೋರಿಸಿದ ಕಾಳಜಿಯನ್ನು ಪ್ಯಾಕ್ ಮಾಡಿದ ನಾನು ತೋರಿಸಲಿಲ್ಲ ಅನ್ನಿಸಿತು.

ಆದರೆ ನಾನು ಬಬಲ್ ರ‍್ಯಾಪ್ ಸುತ್ತಿದ್ದೆ. ಒಂದೊಂದು ಬಾಟಲಿಗೂ ಮೂರು ಸುತ್ತು. ಹಾಗಿದ್ದರೂ ಯಾಕೆ ಒಡೆಯಿತು?

ಚಿಕ್ಕಮ್ಮನಿಗೆ ಹೇಳಿದೆ, ಏನೂ ಬಿಸಾಡಬೇಡಿ, ಎಲ್ಲ ಕಡೆಯಿಂದ ಫೋಟೋ ತೆಗೆದು ಕಳಿಸಿ ಅಂತ. ಅವರು ತೆಗೆದ ಹದಿನೈದು ಇಪ್ಪತ್ತು ಫೋಟೋಗಳನ್ನು ಒಂದು ಸಂಜೆ ಪೂರ್ತಿ ನೋಡಿದೆ. ಮೂರೂ ಬಾಟಲಿಗಳು ಒಂದೇ ಎತ್ತರದಲ್ಲಿ ಬಿರುಕು ಬಿಟ್ಟಿದ್ದವು. ಬಾಟಲಿಯ ಹೆಗಲು ಇದೆಯಲ್ಲ, ಕುತ್ತಿಗೆಯಿಂದ ಅಗಲವಾಗಿ ಇಳಿಯುವ ಜಾಗ, ಅಲ್ಲಿ. ಬಿರುಕು ಒಂದು ಚುಕ್ಕಿಯಿಂದ ಹೊರಟು ನಕ್ಷತ್ರದ ಹಾಗೆ ಹರಡಿತ್ತು. ಆ ಚುಕ್ಕಿಯ ಎದುರಿನ ಬಬಲ್ ರ‍್ಯಾಪಿನ ಗುಳ್ಳೆಗಳೆಲ್ಲ ಒಡೆದು ಚಪ್ಪಟೆ ಆಗಿದ್ದವು. ಅಂದರೆ ಬಾಟಲಿ ನೆಲಕ್ಕೆ ಬಡಿದು ಒಡೆದಿರಲಿಲ್ಲ. ಪಕ್ಕದ ಬಾಟಲಿಯೇ ಅದನ್ನು ಒಡೆದಿತ್ತು.

ಇನ್ನೊಂದು ವಿಷಯವೂ ಕಂಡಿತು. ಆ ಬಾಟಲಿಗಳಲ್ಲಿ ಎರಡು ಹಳೆಯವು. ತೊಳೆದು, ಬಿಸಿನೀರಲ್ಲಿ ಕುದಿಸಿ ಮತ್ತೆ ಬಳಸಿದ್ದು. ಅವುಗಳ ಹೆಗಲ ಸುತ್ತ ಮಸುಕಾದ ಒಂದು ಬಿಳಿ ಗೀರು ಇತ್ತು, ಉಂಗುರದ ಹಾಗೆ. ಬೇರೆ ಬಾಟಲಿಗಳಿಗೆ ಉಜ್ಜಿ ಉಜ್ಜಿ ಆದ ಗೀರು. ಗಾಜಿನ ಗಟ್ಟಿತನ ಇರುವುದು ಅದರ ಮೈ ಎಷ್ಟು ನುಣುಪಾಗಿದೆ ಅನ್ನುವುದರಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇದ್ದರೂ ಎಳೆತ ಎಲ್ಲ ಆ ಸೀಳಿನ ತುದಿಗೆ ಬಂದು ಸೇರುತ್ತದೆ. ಇದನ್ನು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಗಾಜಿನ ಎಳೆಗಳನ್ನು ಎಳೆದು ತೋರಿಸಿಕೊಟ್ಟರು. ಆ ಫೋಟೋಗಳನ್ನು ನೋಡಿದ ದಿನದಿಂದ ಹೆಗಲ ಮೇಲೆ ಗೀರು ಬಿದ್ದ ಬಾಟಲಿಯನ್ನು ನಾವು ಪಾರ್ಸೆಲ್‌ಗೆ ಬಳಸುವುದಿಲ್ಲ. ಮನೆ ಖರ್ಚಿನ ತುಪ್ಪಕ್ಕೆ, ಜೀರಿಗೆಗೆ ಇಟ್ಟುಕೊಳ್ಳುತ್ತೇವೆ.

ನಮ್ಮ ಮಾರಿಕಾಂಬಾ ಜಾತ್ರೆಗೆ ಬಂದವರು ಬಳೆ ಅಂಗಡಿ ಸಾಲು ನೋಡಿರುತ್ತೀರಿ. ಎರಡು ವರ್ಷಕ್ಕೊಮ್ಮೆ ಆ ಬೀದಿ ಪೂರ್ತಿ ಗಾಜು. ಆ ಬಳೆಗಳು ಎಲ್ಲಿಂದಲೋ ಲಾರಿಯಲ್ಲಿ ಬಂದಿರುತ್ತವೆ. ಹಿಂದೆ ಬಳೆಗಾರರು ಮಲಾರ ಹೆಗಲಿಗೆ ಹಾಕಿಕೊಂಡು ಊರೂರು ನಡೆಯುತ್ತಿದ್ದರು. ಗಾಜಿನ ಬಳೆ ಒಂದನ್ನೊಂದು ಮುಟ್ಟಿಕೊಂಡೇ ಇರುತ್ತದೆ, ಆದರೂ ಒಡೆಯುವುದಿಲ್ಲ. ಕಾರಣ ದಾರ. ಡಜನ್ ಬಳೆಯನ್ನು ದಾರದಲ್ಲಿ ಬಿಗಿಯಾಗಿ ಕಟ್ಟಿದರೆ ಹನ್ನೆರಡೂ ಒಟ್ಟಿಗೆ ಅಲ್ಲಾಡುತ್ತವೆ, ಒಂದರ ವಿರುದ್ಧ ಒಂದು ಅಲ್ಲಾಡುವುದಿಲ್ಲ. ದಾರ ಸಡಿಲವಾದರೆ ಅದೇ ಬಳೆಗಳು ಒಂದನ್ನೊಂದು ಕಡಿಯುತ್ತವೆ. ನನ್ನ ಬಾಟಲಿಗಳಿಗೆ ಆಗಿದ್ದು ಅದೇ. ಬಬಲ್ ರ‍್ಯಾಪ್ ಸುತ್ತಿ ಬಾಕ್ಸಿಗೆ ಹಾಕಿದ್ದೆ, ಆದರೆ ನಡುವೆ ಬೆರಳು ಹೋಗುವಷ್ಟು ಜಾಗ ಉಳಿದಿತ್ತು. ಪ್ರತಿ ತಿರುವಿಗೂ ಅವು ಅಷ್ಟು ದೂರ ಓಡಿ ಬಂದು ಡಿಕ್ಕಿ ಹೊಡೆಯುತ್ತಿದ್ದವು.

ಈಗ ಪ್ರತಿ ಬಾಟಲಿಗೂ ರಟ್ಟಿನ ಖಾನೆ ಇದೆ. ಅದೊಂದರಿಂದಲೇ ಅರ್ಧ ಸಮಸ್ಯೆ ಹೋಯಿತು ಅಂತ ಧೈರ್ಯವಾಗಿ ಹೇಳುತ್ತೇನೆ. ಉಳಿದ ಅರ್ಧಕ್ಕೇ ಜಾಸ್ತಿ ದಿನ ಹಿಡಿಯಿತು.

ಬೀಳುವ ವಸ್ತುವಿನ ಲೆಕ್ಕ ಸರಳ. ಸೊಂಟಕ್ಕಿಂತ ಸ್ವಲ್ಪ ಕೆಳಗಿನ ಎತ್ತರ, ಅಂದಾಜು 76 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅಲ್ಲಿಂದ ಕೈಜಾರಿದ ಬಾಕ್ಸು ನೆಲ ಮುಟ್ಟುವಾಗ ಗಂಟೆಗೆ ಸುಮಾರು 14 ಕಿ.ಮೀ. ವೇಗದಲ್ಲಿ ಇರುತ್ತದೆ. ಸೈಕಲ್ಲಿನ ವೇಗ. ಆ ವೇಗ ಪೂರ್ತಿ ಸೊನ್ನೆ ಆಗಲೇಬೇಕು. ಎಷ್ಟು ದೂರದಲ್ಲಿ ಆಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅರ್ಧ ಸೆಂ.ಮೀ. ಒಳಗೆ ನಿಂತರೆ ಬಾಟಲಿ ಆ ಕ್ಷಣಕ್ಕೆ ತನ್ನ ತೂಕದ ಸುಮಾರು 150 ಪಟ್ಟು ಭಾರವಾಗುತ್ತದೆ. ಮೂರು ಸೆಂ.ಮೀ. ಸಿಕ್ಕಿದರೆ 25 ಪಟ್ಟು ಅಷ್ಟೆ. ನಮ್ಮ ತುಂಬಿದ ಬಾಟಲಿ 800 ಗ್ರಾಂ ತೂಗುತ್ತದೆ. ಮೊದಲನೆಯದರಲ್ಲಿ ಅದು 120 ಕೆ.ಜಿ. ಆಗಿ ಕೂರುತ್ತದೆ, ಎರಡನೆಯದರಲ್ಲಿ 20 ಕೆ.ಜಿ. ಇದು ಸರಾಸರಿ ಲೆಕ್ಕ. ನಿಜವಾದ ಪೆಟ್ಟಿನ ತುದಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ಆ ಎರಡೂವರೆ ಸೆಂಟಿಮೀಟರ್ ಎಷ್ಟು ಬೆಲೆಬಾಳುತ್ತದೆ ನೋಡಿ.

ಕ್ರಿಕೆಟ್ ಚೆಂಡು ಹಿಡಿಯುವಾಗ ಮಕ್ಕಳು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ವಾ? ಪ್ಯಾಕಿಂಗ್ ಮಾಡುವುದೂ ಅಷ್ಟೇ ಕೆಲಸ. ನಿಲ್ಲುವುದಕ್ಕೆ ಜಾಗ ಕೊಡಬೇಕು. ಮೆತ್ತಗಿರುವುದನ್ನು ಸುತ್ತಿದರೆ ಸಾಕು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಮೆತ್ತಗಿದ್ದು ಪ್ರಯೋಜನವಿಲ್ಲ, ಸರಿಯಾದಷ್ಟು ಕುಗ್ಗಬೇಕು. ತೀರಾ ಮೆತ್ತಗಿದ್ದರೆ ಪೂರ್ತಿ ಕುಗ್ಗಿ, ಬಾಟಲಿ ತಳಕ್ಕೆ ಹೋಗಿ ಬಡಿಯುತ್ತದೆ. ಗಟ್ಟಿ ಇದ್ದರೆ ಕುಗ್ಗುವುದೇ ಇಲ್ಲ. ಒಂದೇ ಫೋಮ್ ಹಾಳೆ ಭಾರದ ಬಾಟಲಿಗೆ ಹಾಸಿಗೆ ಆಗುತ್ತದೆ, ಹಗುರ ಗಾಜಿನ ದೀಪಕ್ಕೆ ಹಲಗೆ ಆಗುತ್ತದೆ. ಈ ಲೆಕ್ಕವನ್ನೆಲ್ಲ ರೇಮಂಡ್ ಮಿಂಡ್ಲಿನ್ ಅನ್ನುವವರು 1945ರಲ್ಲೇ ಅಮೆರಿಕದ ಬೆಲ್ ಸಿಸ್ಟಮ್ ತಾಂತ್ರಿಕ ಪತ್ರಿಕೆಯಲ್ಲಿ ಬರೆದಿಟ್ಟಿದ್ದಾರೆ. ಅವರ ಗಣಿತ ನನಗೆ ಪೂರ್ತಿ ಹತ್ತಲಿಲ್ಲ. ಆದರೆ ಅತ್ತೆಯ ಸಿಂಬೆಯಲ್ಲಿ ಅದು ಕಣ್ಣಿಗೆ ಕಂಡಿತು.

ಸಿಂಬೆ ಗೊತ್ತಲ್ಲ? ಹುಲ್ಲನ್ನೋ ಬಟ್ಟೆಯನ್ನೋ ಹುರಿ ಮಾಡಿ ಉಂಗುರದ ಹಾಗೆ ಸುತ್ತಿದ್ದು. ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುತ್ತಿದ್ದರು. ಗುಂಡು ತಳದ ಮಡಕೆಯ ಅಡಿಗೂ ಅದೇ. ಗುಂಡು ಮಡಕೆಯನ್ನು ಬರೀ ನೆಲದ ಮೇಲೆ ಇಟ್ಟರೆ ಅದರ ಇಡೀ ಭಾರ ಒಂದು ಚುಕ್ಕಿಯ ಮೇಲೆ. ಸಿಂಬೆ ಇಟ್ಟರೆ ಆ ಭಾರ ಒಂದು ಉಂಗುರದಷ್ಟು ಅಗಲಕ್ಕೆ ಹರಡುತ್ತದೆ. ಮಡಕೆ ದೊಡ್ಡದಾದರೆ ಸಿಂಬೆ ಅಗಲ, ಚಿಕ್ಕದಾದರೆ ಸಣ್ಣ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಕೈಗೆ ಗೊತ್ತಿತ್ತು.

ಬಾಟಲಿ ಒಡೆದ ಸುದ್ದಿ ಕೇಳಿದ ದಿನ ಅತ್ತೆ ಒಳಗಿನಿಂದಲೇ ಕೇಳಿದ್ದು ಇಷ್ಟು. "ಕಟ್ಟಿದ ಮೇಲೆ ಒಂದ್ಸಲ ಅಲ್ಲಾಡ್ಸಿ ನೋಡಿದ್ಯನೇ ತಂಗಿ? ಒಳಗಿಂದ ಸದ್ದು ಬರ್ಲಾಗ." ನಾನು ನೋಡಿರಲಿಲ್ಲ. ಅವರು ಮದುವೆಯಾಗಿ ಈ ಮನೆಗೆ ಬರುವಾಗ ತವರಿನಿಂದ ಉಪ್ಪಿನಕಾಯಿ ತುಂಬಿದ ಪಿಂಗಾಣಿ ಭರಣಿಯನ್ನು ಬಸ್ಸಿನಲ್ಲಿ ತಂದಿದ್ದರು. ಹೆಡಿಗೆಯಲ್ಲಿ ಹುಲ್ಲು, ಹುಲ್ಲಿನೊಳಗೆ ಭರಣಿ, ಬಾಯಿಗೆ ಬಾಳೆಲೆ, ಮೇಲೆ ಬಟ್ಟೆ. ಆ ಭರಣಿ ಇನ್ನೂ ಅಟ್ಟದ ಮೇಲೆ ಇದೆ.

ಸರಿ, ಹುಲ್ಲೇ ಹಾಕೋಣ ಅಂತ ಮನಸ್ಸು ಮಾಡಿದೆ. ಬಿಡಿ ಹುಲ್ಲು ತುಂಬಿ, ನಡುವೆ ಬಾಟಲಿ ಇಟ್ಟು, ಅಣ್ಣನ ಮಗ ಕುಮಟಾಕ್ಕೆ ಹೋಗುವಾಗ ಬಸ್ಸಿನಲ್ಲಿ ಕಳಿಸಿದೆ. ಬಾಕ್ಸಿನೊಳಗೆ ಒಂದು ಹಳೆಯ ಫೋನನ್ನೂ ಇಟ್ಟಿದ್ದೆ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಆ್ಯಪ್ ಇದೆ. ಫೋನಿನ ಒಳಗಿರುವ ಸೆನ್ಸರ್ ಹಿಡಿದ ಅಲುಗಾಟವನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ದೊಡ್ಡ ಪೆಟ್ಟನ್ನು ಫೋನು ಪೂರ್ತಿ ಅಳೆಯಲಾರದು, ಒಂದು ಮಿತಿಗೆ ಬಂದು ಗೆರೆ ಚಪ್ಪಟೆ ಆಗುತ್ತದೆ. ಆದರೂ ಎಲ್ಲಿ ಪೆಟ್ಟು ಬಿತ್ತು ಅನ್ನುವುದಂತೂ ತಿಳಿಯುತ್ತದೆ.

ಘಟ್ಟದ ತಿರುವುಗಳಲ್ಲಿ, ರಸ್ತೆ ಕೆಲಸ ನಡೆದು ಹೊಂಡ ಬಿದ್ದ ಜಾಗಗಳಲ್ಲಿ ದೊಡ್ಡ ಗೆರೆ ಇರುತ್ತದೆ ಅಂತ ಕಾಯುತ್ತಿದ್ದೆ. ಅಲ್ಲಿ ಇದ್ದಿದ್ದು ಸಣ್ಣ ಸಣ್ಣ ಹಲ್ಲುಗಳು, ಎರಡು ತಾಸು ಒಂದೇ ಸಮ. ದೊಡ್ಡ ಗೆರೆಗಳು ಮೂರೇ ಮೂರು. ಬಸ್ಸಿಗೆ ಹತ್ತಿಸುವಾಗ ಒಂದು, ಸೀಟಿನ ಅಡಿಗೆ ತಳ್ಳುವಾಗ ಒಂದು, ಕುಮಟಾ ಸ್ಟ್ಯಾಂಡಿನಲ್ಲಿ ಇಳಿಸುವಾಗ ಒಂದು. ನಮ್ಮ ಹುಡುಗ ಹುಷಾರಾಗಿ ಇಟ್ಟಿದ್ದೇನೆ ಅಂದುಕೊಂಡೇ ಇಟ್ಟಿದ್ದ! ದಾರಿಯನ್ನು ನಾನು ಸುಮ್ನೆ ಬೈಯುತ್ತಿದ್ದೆ. ಗಾಜನ್ನು ಒಡೆಯುವ ಪೆಟ್ಟು ಬೀಳುವುದು ಹೆಚ್ಚಾಗಿ ಗಾಡಿ ನಿಂತಾಗ, ಕೈಯಿಂದ ಕೈಗೆ ಹೋಗುವಾಗ.

ಹಾಗಂತ ದಾರಿ ಏನೂ ಮಾಡುವುದಿಲ್ಲ ಅಂತಲ್ಲ. ಪಟ್ಟಿ ಸ್ಪ್ರಿಂಗಿನ ಲಾರಿಗಳು ಸೆಕೆಂಡಿಗೆ ಮೂರು ನಾಲ್ಕು ಸಲ ಕುಣಿಯುತ್ತಲೇ ಇರುತ್ತವೆ. ಆ ಕುಣಿತಕ್ಕೆ ಮುಚ್ಚಳ ಸಡಿಲವಾಗುತ್ತದೆ, ಲೇಬಲ್ ಉಜ್ಜಿ ಹೋಗುತ್ತದೆ. ಕುಮಟಾದಲ್ಲಿ ಬಾಕ್ಸ್ ತೆಗೆದಾಗ ಇನ್ನೊಂದು ಕಂಡಿತು. ಹುಲ್ಲೆಲ್ಲ ಕುಸಿದು ಅರ್ಧಕ್ಕೆ ಇಳಿದಿತ್ತು. ನಡುವೆ ಇಟ್ಟ ಬಾಟಲಿ ತಳ ಸೇರಿ, ಒಂದು ಮೂಲೆಗೆ ಒರಗಿ ನಿಂತಿತ್ತು. ಒಡೆದಿರಲಿಲ್ಲ. ಆದರೆ ಇನ್ನೊಂದು ಸಲ ಕೈಜಾರಿದ್ದರೆ ಅದರ ಅಡಿಗೆ ಏನೂ ಇರಲಿಲ್ಲ.

"ಉದುರ್ಸಿದ ಹುಲ್ಲು ಕೂತೇ ಕೂರ್ತು" ಅಂದರು ಅತ್ತೆ. "ಹುರಿ ಮಾಡವು."

ಕರಾವಳಿಯ ಅಕ್ಕಿ ಮುಡಿ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಹುಲ್ಲಿನ ಹಗ್ಗವನ್ನು ಸುತ್ತಿ ಸುತ್ತಿ ಬಡಿದು ಬಿಗಿ ಮಾಡಿದ ಆ ಉಂಡೆ ಗಾಡಿಯಲ್ಲಿ ಹೋಗಲಿ, ದೋಣಿಯಲ್ಲಿ ಹೋಗಲಿ, ಒಂದು ಕಾಳು ಚೆಲ್ಲುತ್ತಿರಲಿಲ್ಲ. ಬಿಡಿ ಹುಲ್ಲಿಗೂ ಹೆಣೆದ ಹುಲ್ಲಿಗೂ ಅಷ್ಟು ವ್ಯತ್ಯಾಸ. ಆದರೆ ಮಾರುವ ಪಾರ್ಸೆಲ್‌ಗೆ ಹುಲ್ಲು ಬೇಡ ಅಂತ ನಾನೇ ಬಿಟ್ಟೆ. ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ, ಹುಳ ಬರುತ್ತದೆ. ತಿನ್ನುವ ವಸ್ತುವಿನ ಜೊತೆ ಅದು ಸರಿಯಲ್ಲ. ಅಡಿಕೆ ಹಾಳೆಯನ್ನೂ ಪ್ರಯತ್ನ ಮಾಡಿದೆ. ಒಣಗಿದ ಹಾಳೆಯ ಪಟ್ಟಿಗೆ ಒಳ್ಳೆಯ ಪುಟಿತ ಇದೆ. ನಾಲ್ಕು ದಿನ ಮಳೆ ಹಿಡಿದರೆ ಅದಕ್ಕೂ ಕಪ್ಪು ಚುಕ್ಕಿ ಬಂತು. ಬಿಟ್ಟೆ.

ಈಗ ಮಾಡುವುದು ಕಾಗದದ ಸಿಂಬೆ. ಕಂದು ಬಣ್ಣದ ದಪ್ಪ ಕ್ರಾಫ್ಟ್ ಕಾಗದವನ್ನು ಒಂದು ಮೊಳ ಅಗಲ ಹರಿದು, ಮುದ್ದೆ ಮಾಡಿ ಸಡಿಲಿಸಿ, ಮತ್ತೆ ಹುರಿ ಹಾಕಿ, ಬಾಟಲಿಯ ತಳದ ಅಳತೆಗೆ ಸುತ್ತುವುದು. ಮುದ್ದೆ ಮಾಡದೆ ನೇರವಾಗಿ ಹುರಿ ಹಾಕಿದರೆ ಕೋಲಿನಷ್ಟು ಗಟ್ಟಿಯಾಗುತ್ತದೆ. ಒಂದು ಸಿಂಬೆ ತಳಕ್ಕೆ, ಒಂದು ಮುಚ್ಚಳದ ಮೇಲೆ. ಸುತ್ತ ಖಾನೆ. ಎಷ್ಟು ದಪ್ಪ ಇರಬೇಕು ಅಂತ ತಿಳಿಯುವುದಕ್ಕೆ ಬೀಳಿಸಿಯೇ ನೋಡಬೇಕಾಯಿತು.

ಪಾರ್ಸೆಲ್ ಪರೀಕ್ಷೆಗೆ ಇಸ್ಟಾ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಮಗಳಿವೆ. ಅವುಗಳಲ್ಲಿ ಸರಳವಾದದ್ದರಲ್ಲಿ ಬಾಕ್ಸನ್ನು ಹತ್ತು ಸಲ ಬೀಳಿಸುತ್ತಾರೆ. ಮೊದಲು ಒಂದು ಮೂಲೆಯ ಮೇಲೆ, ಆಮೇಲೆ ಆ ಮೂಲೆಯಿಂದ ಹೊರಡುವ ಮೂರು ಅಂಚುಗಳ ಮೇಲೆ, ಕೊನೆಗೆ ಆರು ಮುಖಗಳ ಮೇಲೆ. ಎತ್ತರ ತೂಕಕ್ಕೆ ತಕ್ಕ ಹಾಗೆ. ಸುಮಾರು 10 ಕೆ.ಜಿ. ಒಳಗಿನದಕ್ಕೆ 76 ಸೆಂ.ಮೀ. ಅದೇ 28ರಿಂದ 45 ಕೆ.ಜಿ. ತೂಗುವ ಪೆಟ್ಟಿಗೆಗೆ ಬರೀ 30 ಸೆಂ.ಮೀ. ಹಗುರದ್ದನ್ನು ಹೆಚ್ಚು ಎತ್ತರದಿಂದ ಯಾಕೆ ಬೀಳಿಸಬೇಕು ಅಂತ ಮೊದಲು ಅರ್ಥವಾಗಲಿಲ್ಲ. ಭಾರದ ಪೆಟ್ಟಿಗೆಯನ್ನು ಇಬ್ಬರು ಹಿಡಿದು ನೆಲಕ್ಕೆ ಹತ್ತಿರ ತರುತ್ತಾರೆ. ಹಗುರದ್ದನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯುತ್ತಾರೆ. ಒಂದೇ ಬಾಟಲಿಯ ಪಾರ್ಸೆಲ್‌ಗೆ ಆರು ಬಾಟಲಿಯದಕ್ಕಿಂತ ಜಾಸ್ತಿ ಕಾವಲು ಬೇಕು ಅಂತ ಅವತ್ತು ತಿಳಿಯಿತು.

ಅಂಗಳದ ಸಿಮೆಂಟು ನೆಲದ ಮೇಲೆ, ಉಪ್ಪಿನಕಾಯಿಯಷ್ಟೇ ತೂಕ ಬರುವ ಹಾಗೆ ಉಪ್ಪುನೀರು ತುಂಬಿದ ಬಾಟಲಿಗಳನ್ನು ಹಾಕಿ ಬೀಳಿಸಿದೆ. ಗೋಡೆಗೆ ಸೀಮೆಸುಣ್ಣದಲ್ಲಿ 76 ಸೆಂ.ಮೀ. ಗುರುತು. ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಮೂಲೆಯ ಮೇಲೆ ಬಿದ್ದ ಮೊದಲ ಸದ್ದಿಗೆ ಅವರು ಕಣ್ಣು ಮುಚ್ಚಿಕೊಂಡರು. ಬೇಕಂತಲೇ ಬೀಳಿಸುವುದು ನನಗೂ ಸುಲಭವಿರಲಿಲ್ಲ. ಕೈ ಬಿಡುವುದಕ್ಕೆ ಮೊದಲು ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದೆ.

ಆದರೆ ಬಿದ್ದ ಮೇಲೆ ಸಿಂಬೆ ತೆಗೆದು ನೋಡಿದರೆ ಅದು ಎಲ್ಲವನ್ನೂ ಹೇಳುತ್ತದೆ. ಬಾಟಲಿ ಒಡೆದು ಸಿಂಬೆ ಹಪ್ಪಳದ ಹಾಗೆ ಚಪ್ಪಟೆ ಆಗಿದ್ದರೆ, ಅದು ಸಾಲಲಿಲ್ಲ, ಇನ್ನೂ ದಪ್ಪ ಬೇಕು. ಬಾಟಲಿ ಒಡೆದು ಸಿಂಬೆ ಇದ್ದ ಹಾಗೇ ಇದ್ದರೆ, ಅದು ಕುಗ್ಗಲೇ ಇಲ್ಲ, ಹುರಿ ಸಡಿಲಿಸಬೇಕು. ಬಾಟಲಿ ಉಳಿದು ಸಿಂಬೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕುಗ್ಗಿದ್ದರೆ ಅದೇ ಹದ. ಕಾಗದದಲ್ಲಿ ಒಂದು ಕೊರತೆ ಇದೆ. ಒಂದು ಸಲ ಕುಗ್ಗಿದ್ದು ಪೂರ್ತಿ ವಾಪಸ್ ಏಳುವುದಿಲ್ಲ. ಎರಡನೇ ಪೆಟ್ಟಿಗೆ ಮೊದಲಿನಷ್ಟು ಜಾಗ ಸಿಗುವುದಿಲ್ಲ. ಹಾಗಾಗಿ ಒಂದು ಸಲ ಬೀಳಿಸಿ ಪಾಸಾಯಿತು ಅಂದುಕೊಳ್ಳುವ ಹಾಗಿಲ್ಲ, ಹತ್ತೂ ಆಗಬೇಕು. ನಾಲ್ಕನೇ ವಾರಕ್ಕೆ ಹತ್ತೂ ಆಯಿತು. ಆರಕ್ಕೆ ಆರೂ ಬಾಟಲಿ ಉಳಿದವು. ಅತ್ತೆ ಎದ್ದು ಹೋಗಿ ಎಲ್ಲರಿಗೂ ಚಾ ಮಾಡಿದರು.

ಇಷ್ಟಾದ ಮೇಲೂ ಆಗಸ್ಟಿನಲ್ಲಿ ಒಂದು ಪಾರ್ಸೆಲ್ ಹಾಳಾಯಿತು. ಈ ಸಲ ಬಾಟಲಿ ಒಡೆದಿರಲಿಲ್ಲ, ಬಾಕ್ಸೇ ಕುಸಿದು, ಅದರಿಂದ ಮುಚ್ಚಳ ಬಗ್ಗಿ ಸೋರಿತ್ತು. ನಾನು ಹೋಗಿ ಕೊರಿಯರ್‌ನವರ ಗೋಡೌನಿನಲ್ಲಿ ಅರ್ಧ ದಿನ ನಿಂತು ನೋಡಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಇಬ್ಬರು ಹುಡುಗರು ನೂರಾರು ಬಾಕ್ಸು ಇಳಿಸಿ ಹತ್ತಿಸಬೇಕು. ಗಾಜಿನ ಲೋಟದ ಚಿತ್ರದ ಸ್ಟಿಕ್ಕರು ನೋಡುವುದಕ್ಕೆ ಅವರಿಗೆ ಸಮಯವೇ ಇಲ್ಲ. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಬಾಕ್ಸುಗಳು ಎದೆಯೆತ್ತರ ಒಂದರ ಮೇಲೊಂದು ಕೂತಿದ್ದವು. ಅಡಿಯಲ್ಲಿದ್ದ ಒಂದನ್ನು ಹೆಬ್ಬೆರಳಿನಲ್ಲಿ ಒತ್ತಿದೆ. ಹಸಿ ರೊಟ್ಟಿಯ ಹಾಗೆ ಒಳಗೆ ಹೋಯಿತು.

ರಟ್ಟಿನ ಬಾಕ್ಸಿನ ಬಲ ಇರುವುದು ಒಳಗಿನ ಅಲೆ ಅಲೆ ಕಾಗದದಲ್ಲಿ. 1856ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಈ ಅಲೆ ಕಾಗದಕ್ಕೆ ಪೇಟೆಂಟ್ ತೆಗೆದದ್ದು ಉದ್ದ ಟೊಪ್ಪಿಯ ಒಳಪಟ್ಟಿಗೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ ಮತ್ತು ಕಂದೀಲಿನ ಗಾಜು ಸುತ್ತುವುದಕ್ಕೆ ಬಳಸಿದರು. ಗಾಜಿಗಾಗಿಯೇ ಅದು ಸಾಗಾಣಿಕೆಗೆ ಬಂತು ಅಂತ ಓದಿದಾಗ ಯಾಕೋ ಖುಷಿಯಾಯಿತು. ಆ ಅಲೆಗಳು ನಿಂತ ಕಂಬಗಳ ಹಾಗೆ ಕೆಲಸ ಮಾಡಬೇಕು. ಬಾಕ್ಸಿನ ಗೋಡೆಯಲ್ಲಿ ಗೆರೆಗಳು ಮೇಲಿಂದ ಕೆಳಕ್ಕೆ ಇರಬೇಕೇ ಹೊರತು ಅಡ್ಡ ಇರಬಾರದು. ಮೇಲಿನ ಭಾರದ ಹೆಚ್ಚಿನ ಪಾಲನ್ನು ನಾಲ್ಕು ಮೂಲೆಗಳು ಹೊರುತ್ತವೆ. ಹಾಗಾಗಿ ಮೂಲೆಗೆ ಮೂಲೆ ಕೂಡುವ ಹಾಗೆ ಪೇರಿಸಬೇಕು. ಇಟ್ಟಿಗೆ ಗೋಡೆಯ ಹಾಗೆ ಅಡ್ಡ ಅಡ್ಡ ಪೇರಿಸಿದರೆ ನೋಡುವುದಕ್ಕೆ ಗಟ್ಟಿ ಕಾಣುತ್ತದೆ, ಆದರೆ ಕೆಳಗಿನ ಬಾಕ್ಸಿನ ಬಲ ಬಹಳ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಮಳೆಗಾಲ. ಬಾಕ್ಸ್ ಪರೀಕ್ಷೆಯ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕೋಣೆಯ ತೇವ ಶೇ. 50, ಬಿಸಿ 23 ಡಿಗ್ರಿ. ತೇವ ಶೇ. 90ಕ್ಕೆ ಏರಿದರೆ ಅದೇ ಬಾಕ್ಸು ಹೊರುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶಿರಸಿಯ ಜುಲೈ, ಕಾರವಾರದ ಜುಲೈ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಉಪ್ಪಿನ ಡಬ್ಬಿಯೊಳಗೆ ಉಪ್ಪು ನೀರಾಗುವ ಊರು ನಮ್ಮದು. ಬಾಕ್ಸಿನ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಅದು ಗಾಳಿಯಿಂದಲೇ ಕುಡಿಯುತ್ತದೆ. ಜಾಗ ಉಳಿಯಲಿ ಅಂತ ಮೇ ತಿಂಗಳಲ್ಲೇ ತರಿಸಿ ನೆಲದ ಮೇಲೆ ಪೇರಿಸಿಟ್ಟ ನನ್ನ ಬಾಕ್ಸುಗಳು ಹೊರಡುವ ಮೊದಲೇ ಸೋತಿದ್ದವು.

ಈಗ ಮಳೆಗಾಲಕ್ಕೆ ಮೂರು ಪ್ಲೈ, ಅಂದರೆ ಮೂರು ಪದರ ಕಾಗದದ ಬಾಕ್ಸು ಬಿಟ್ಟು ಐದು ಪ್ಲೈ ತರಿಸುತ್ತೇವೆ. ಖಾಲಿ ಬಾಕ್ಸುಗಳನ್ನು ಮಡಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಅಡುಗೆ ಮನೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಮೆಣಸು, ಕೊಬ್ಬರಿ, ಬೀಜದ ಭತ್ತ ಇಡುತ್ತಿದ್ದ ಜಾಗ ಅದು. ಒಲೆಯ ಬಿಸಿ ತಾಗುತ್ತದೆ. ಬೇಕಾದ ದಿನ ಬೇಕಾದಷ್ಟೇ ಇಳಿಸುವುದು. ಒಳಗಿನ ಖಾನೆಗಳನ್ನು ಬಾಟಲಿಗಿಂತ ಒಂದು ಬೆರಳು ಎತ್ತರ ಮಾಡಿಸಿದ್ದೇವೆ. ಮೇಲೆ ಭಾರ ಬಂದರೆ ಮೊದಲು ಖಾನೆಯ ಗೋಡೆ ಹೊರುತ್ತದೆ, ಮುಚ್ಚಳಕ್ಕೆ ತಾಗುವುದು ಆಮೇಲೆ.

ಕಳೆದ ವರ್ಷ ಬೇರೆಯೇ ಒಂದು ಕೆಲಸ ಬಂತು. ಪರಿಚಯದ ಗುಡಿಗಾರರ ಮನೆಯಿಂದ ಒಂದು ಜೋಡಿ ಬೆಂಡಿನ ಬಾಸಿಂಗ ಪುಣೆಗೆ ಹೋಗಬೇಕಿತ್ತು, ಮದುವೆಗೆ. "ನೀವು ಗಾಜು ಕಳಿಸ್ತೀರಲ್ಲ, ಇದನ್ನೂ ಕಟ್ಟಿ ಕೊಡಿ ಅಕ್ಕ" ಅಂತ ಆ ಹುಡುಗ ತಂದುಕೊಟ್ಟ. ಕೈಗೆ ತೆಗೆದುಕೊಂಡರೆ ತೂಕವೇ ಇಲ್ಲ. ನೀರಿನಲ್ಲಿ ಬೆಳೆಯುವ ಗಿಡದ ದಂಟಿನಿಂದ ಸುಲಿದ ಬಿಳಿ ಬೆಂಡು, ಉಗುರಿಗಿಂತ ತೆಳ್ಳಗಿನ ಎಸಳುಗಳು, ಒಂದೊಂದನ್ನೂ ಅಂಟಿಸಿದ್ದು, ಚಿನ್ನದ ಬಣ್ಣದ ಕಾಗದದ ಅಂಚು. ಉಸಿರು ಬಿಟ್ಟರೆ ತುದಿಯ ಹೂವು ನಡುಗುತ್ತಿತ್ತು.

ಬಾಟಲಿಯ ವಿಚಾರದಲ್ಲಿ ಕಲಿತದ್ದು ಇಲ್ಲಿ ಉಲ್ಟಾ. ತೂಕ ಇಲ್ಲದ್ದಕ್ಕೆ ಬೀಳುವ ಭಯ ಕಡಿಮೆ. 150 ಪಟ್ಟು ಆದರೂ ಎಷ್ಟಾದೀತು? ಅದಕ್ಕೆ ಭಯ ಇರುವುದು ಒತ್ತುವುದರದ್ದು, ಮುಟ್ಟುವುದರದ್ದು. ಮೆತ್ತಗಿನ ಹತ್ತಿ ತುಂಬಿದರೂ ಎಸಳು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಹಾಗಾಗಿ ಸುತ್ತ ಏನೂ ತುಂಬಲಿಲ್ಲ. ಹಣೆಗೆ ಕಟ್ಟುವ ದಾರ ಇರುವ ಅದರ ಬೆನ್ನಿನ ಪಟ್ಟಿಯನ್ನು ಒಂದು ರಟ್ಟಿಗೆ ನಾಲ್ಕು ಕಡೆ ನೂಲಿನಿಂದ ಹೊಲಿದೆ. ಆ ರಟ್ಟನ್ನು ಬಾಕ್ಸಿನೊಳಗೆ ಬಿಗಿಯಾಗಿ ಕೂರಿಸಿದೆ. ಎಸಳುಗಳ ಸುತ್ತ ನಾಲ್ಕು ಬೆರಳು ಬರೀ ಗಾಳಿ. ಹೊರಗೆ ಐದು ಪ್ಲೈ. ಅತ್ತೆ ನೋಡಿ "ಖಾಲಿ ಬಿಟ್ಟಿದ್ಯಲೇ" ಅಂದರು. ಆಮೇಲೆ ಬಾಕ್ಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಸರಿ ಅನ್ನುವ ಹಾಗೆ ತಲೆ ಆಡಿಸಿದರು. ಪುಣೆಯಿಂದ ಮದುಮಕ್ಕಳ ಫೋಟೋ ಬಂತು. ಎರಡೂ ಬಾಸಿಂಗ ಹಣೆಯ ಮೇಲೆ ನೆಟ್ಟಗೆ ಇದ್ದವು.

ಈ ಬೇಸಿಗೆಯಲ್ಲಿ ಅತ್ತೆ ಅಟ್ಟದ ಮೇಲಿನ ತಮ್ಮ ಭರಣಿ ಇಳಿಸಿಕೊಡು ಅಂದರು. ಅದನ್ನು ಕಾರವಾರಕ್ಕೆ, ತಂಗಿಗೆ ಕಳಿಸಬೇಕಂತೆ. ಅವರ ಆಯಿಯ ಕಾಲದ ಭರಣಿ ಅದು, ನನ್ನ ಹತ್ತಿರ ಇಷ್ಟು ವರ್ಷ ಇತ್ತು, ಇನ್ನು ಅವಳ ಹತ್ತಿರ ಇರಲಿ ಅಂದರು. ಮೇಲೆ ಕಂದು, ಕೆಳಗೆ ಬಿಳಿ. ಬಾಯಿಯ ಹತ್ತಿರ ಕೂದಲೆಳೆಯ ಒಂದು ಬಿರುಕು, ಎಷ್ಟು ವರ್ಷದ್ದೋ. ಅದನ್ನು ನೋಡಿ ನನಗೆ ಭಯವಾಯಿತು. ಯಾರಾದರೂ ಹೋಗುವಾಗ ಮಡಿಲಲ್ಲಿ ಇಟ್ಟುಕೊಂಡು ಹೋಗಲಿ ಅಂದೆ. "ನೀ ಕಟ್ಟು, ಎಂತ ಆಗ್ತಿಲ್ಲೆ" ಅಂದರು.

ಎರಡು ಬಾಕ್ಸು ಹಾಕಿದೆ, ಒಂದರೊಳಗೆ ಒಂದು. ನಡುವೆ ಎಲ್ಲ ಕಡೆ ಮೂರು ಬೆರಳು ಜಾಗ, ಅದರಲ್ಲಿ ಕಾಗದದ ಹುರಿ. ಬಾಯಿಯ ಭಾಗಕ್ಕೆ ಏನೂ ಒತ್ತದ ಹಾಗೆ, ಭಾರ ಎಲ್ಲ ಹೊಟ್ಟೆಯ ಮೇಲೂ ತಳದ ಮೇಲೂ ಬರುವ ಹಾಗೆ ರಟ್ಟು ಕತ್ತರಿಸಿದೆ. ತಳದ ಸಿಂಬೆಯನ್ನು ಮಾತ್ರ ಅತ್ತೆ ನನಗೆ ಬಿಡಲಿಲ್ಲ. ಹುಲ್ಲು ತರಿಸಿ, ಬಿಸಿಲಿಗೆ ಹಾಕಿ, ಜಗಲಿಯಲ್ಲಿ ಕೂತು ತಾವೇ ಹುರಿ ಮಾಡಿ ಸುತ್ತಿದರು. ಬೆರಳು ಮೊದಲಿನ ಹಾಗೆ ಮಡಚುವುದಿಲ್ಲ. ಎರಡು ಸಲ ಬಿಚ್ಚಿ ಮತ್ತೆ ಸುತ್ತಿದರು.

ಮೂರನೇ ದಿನ ಚಿಕ್ಕಮ್ಮನ ಫೋನು ಬಂತು. ಫೋನು ಎತ್ತಿದ್ದು ನಾನು, ಆದರೆ ಅವರು ಅಕ್ಕನಿಗೆ ಕೊಡು ಅಂದರು. ಇಬ್ಬರೂ ತುಂಬಾ ಹೊತ್ತು ಮಾತಾಡಿದರು. ಆಮೇಲೆ ನನ್ನ ಹತ್ತಿರ ಚಿಕ್ಕಮ್ಮ ಹೇಳಿದ್ದು, ಭರಣಿ ತೊಳೆದು ಇಟ್ಟಿದ್ದೇನೆ, ಬರುವ ವರ್ಷದ ಮಿಡಿಗೆ. ಬಾಕ್ಸು, ಕಾಗದ ಎಲ್ಲ ತೆಗೆದು ಹಾಕಿದೆ. ಸಿಂಬೆ ಮಾತ್ರ ಬಿಸಾಡಲಿಲ್ಲ. ಅಡುಗೆ ಮನೆ ಕಟ್ಟೆಯ ಮೇಲೆ ಅದನ್ನು ಇಟ್ಟು, ಭರಣಿಯನ್ನು ಅದರ ಮೇಲೇ ಕೂರಿಸಿದ್ದೇನೆ.